೨೪೧೭ ನಂಬರಿನ ಬಿಲ್ಲೆ

ಸೆಪ್ಟೆಂಬರ್ ೪, ಬೇತಮಂಗಲದ ಹತ್ತಿರ, ನಮ್ಮ ಮನೆ

ನನ್ನ ಕೆಲಸವೇ ಎಣಿಸುವುದು. ಬಂಗಾರಪೇಟೆಯ ಒಂದು ಬೇಳೆ ಗಿರಣಿಯಲ್ಲಿ, ಹೊರಗಿನಿಂದ ಬಂದ ಪ್ರತಿ ಲೋಡಿನಿಂದ ಒಂದು ತಟ್ಟೆ ಕಾಳು ತೆಗೆದು, ಒಡೆದವೆಷ್ಟು, ಮುದುಡಿದವೆಷ್ಟು, ಕಲ್ಲೆಷ್ಟು ಎಂದು ಬರೆದಿಡುತ್ತೇನೆ. ಐದು ವರ್ಷ ಇದನ್ನೇ ಮಾಡಿ ಗಿರಣಿಯ ಹೊರಗೂ ಎಣಿಸುವ ಚಾಳಿ ಅಂಟಿಕೊಂಡಿದೆ. ಬೆಳಗಿನ ಬಸ್ಸು ಬಂಗಾರಪೇಟೆ ಸೇರುವುದರೊಳಗೆ ಎಷ್ಟು ಕಡೆ ನಿಂತಿತು ಎಂಬುದೂ ನನ್ನ ದಿನಚರಿಯಲ್ಲಿರುತ್ತದೆ. ನಮ್ಮ ಗಿರಣಿಗೆ ಮಸೂರಿ, ಅಂದರೆ ಚನ್ನಂಗಿ ಬೇಳೆಯ ಕಾಳು, ಕೆನಡಾದಿಂದ ಬರುತ್ತದೆ. ಅಲ್ಲಿಯವರು ಕಾಳು ಹೇಗೆ ವಿಂಗಡಿಸುತ್ತಾರೆಂದು ಕಲಿಯಲು ಒಬ್ಬರನ್ನು ಐದು ದಿನದ ತರಬೇತಿಗೆ ಕಳಿಸಬೇಕೆಂದಾಗ ಲೆಕ್ಕ ಬರೆಯುವ ನಮ್ಮ ರೈಟರು, "ಇವಳನ್ನೇ ಕಳಿಸಿ ಸಾರ್, ಎಣಿಸದಿದ್ದರೆ ಇವಳಿಗೆ ಜ್ವರ ಬರುತ್ತೆ" ಎಂದರು.

ಮನೆಯಲ್ಲಿ ಸುದ್ದಿ ಹೇಳಿದಾಗ ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಿದಳು.

"ಯಾವೂರಂದೆ?"

"ಕೆನಡಾ, ಅಜ್ಜಿ."

"ಅಲ್ಲೇ ಅಲ್ವೇನೇ ನಮ್ ಮುನಿರಾಜು ಓಗಿದ್ದು!"

ಅಪ್ಪ ಹಾಲಿನ ಕ್ಯಾನು ಕೆಳಗಿಟ್ಟು, "ಅಮ್ಮಾ, ಅದೇನು ಬೇತಮಂಗಲವಾ? ನಮ್ ದೇಶದ ಮೂರರಷ್ಟು ಐತೆ" ಎಂದ.

"ಇರ್ಲಿ ಬಿಡ್ಲಾ. ಕೇಳ್ಕೊಂಡು ಓದ್ರೆ ಸಿಕ್ತಾನೆ."

ಮುನಿರಾಜು ಅಜ್ಜಿಯ ತಮ್ಮ. ಕೆಜಿಎಫ್‌ನ ನಂದಿದುರ್ಗ ಚಿನ್ನದ ಗಣಿಯಲ್ಲಿ ಕೆಲಸ, ಉರಿಗಾಂನಲ್ಲಿ ಕಾರ್ಮಿಕರಿಗೆ ಸಾಲಾಗಿ ಕಟ್ಟಿದ ಲೈನಿನ ಮನೆ. ಐವತ್ತು ವರ್ಷದ ಹಿಂದೆ ಕೆನಡಾದ ಯಾವುದೋ ಗಣಿಗೆ ಹೋದ. ನಾಲ್ಕು ವರ್ಷ ಕಾಗದ ಬಂತು, ಆಮೇಲೆ ಇಲ್ಲ. ಇಷ್ಟರಿಂದ ನಮ್ಮ ಮನೆಯಲ್ಲಿ ಪ್ರತಿ ವರ್ಷ ಒಂದು ಜಗಳ ನಡೆಯುತ್ತದೆ. ಮಹಾಲಯ ಅಮಾವಾಸ್ಯೆಯ ದಿನ ನಾವು ತೀರಿಕೊಂಡ ಹಿರಿಯರಿಗೆ ಎಲೆ ಹಾಕಿ ಎಡೆ ಇಡುತ್ತೇವೆ. ಎಲೆ ಆರು. ಏಳನೆಯದು ಮುನಿರಾಜುವಿಗೆ ಹಾಕಬೇಕೆಂದು ಅಪ್ಪ, ಕೂಡದೆಂದು ಅಜ್ಜಿ.

"ಬದುಕಿದ್ದಿದ್ರೆ ಒಂದು ಕಾಗ್ದ ಬರೀತಿರ್ಲಿಲ್ವೇನಮ್ಮಾ?"

"ಬದುಕಿರೋನ್ಗೆ ಎಡೆ ಇಕ್ಕಿದ್ರೆ ಪಾಪ ಯಾರ್ಗೆ, ನಿಂಗಾ ನಂಗಾ? ಅವ್ನು ಬಿಲ್ಲೆ ಒಪ್ಸಿಲ್ಲ ಕಣ್ಲಾ. ಒಪ್ಸದೆ ಓದೋನು ಇನ್ನೂ ಕೆಳ್ಗೇ ಅವ್ನೆ ಅಂತ ಲೆಕ್ಕ."

ಬಿಲ್ಲೆ ಎಂದರೆ ನಂಬರು ಕೊರೆದ ಹಿತ್ತಾಳೆಯ ಬಿಲ್ಲೆ. ಗಣಿಗೆ ಇಳಿಯುವಾಗ ಕಿಟಕಿಯಲ್ಲಿ ಅದನ್ನು ಪಡೆಯಬೇಕು, ಮೇಲೆ ಬಂದ ಮೇಲೆ ಅದೇ ಕಿಟಕಿಯಲ್ಲಿ ಒಪ್ಪಿಸಬೇಕು. ಪಾಳಿ ಮುಗಿದ ಮೇಲೂ ಬಿಲ್ಲೆ ನೇತುಹಾಕುವ ಬೋರ್ಡಿನಲ್ಲಿ ಒಂದು ಮೊಳೆ ಖಾಲಿ ಇದ್ದರೆ ಒಬ್ಬ ಮನುಷ್ಯ ಕೆಳಗಿದ್ದಾನೆ ಎಂದರ್ಥ, ಹುಡುಕಲು ಇಳಿಯುತ್ತಿದ್ದರು. ಮುನಿರಾಜು ಕೊನೆಯ ಪಾಳಿ ಮುಗಿಸಿ ಮೇಲೆ ಬಂದವನು ಬಿಲ್ಲೆಯನ್ನು ಜೇಬಿಗಿಳಿಸಿಕೊಂಡು ಹೊರಟುಬಿಟ್ಟನಂತೆ.

"ಬರ್ಕೋ" ಎಂದಳು ಅಜ್ಜಿ. "ಎರ್ಡು, ನಾಕು, ಒಂದು, ಏಳು. ಅವ್ನಿಗೆ ಬುತ್ತಿ ತಗೊಂಡೋದಾಗ ಗೇಟ್ನಾಗೆ ಎಸ್ರು ಕೇಳ್ತಿರ್ಲಿಲ್ಲ, ನಂಬ್ರು ಕೇಳೋರು. ಈ ಅಮಾಸೆ ಒಳ್ಗೆ ತಿಳ್ಕೊಂಡು ಬಾ. ನಂಗೂ ಎಂಬತ್ತೆರಡು ತುಂಬ್ತು. ಇಕ್ಕೋದಾದ್ರೆ ನನ್ ಕೈಯಾಗೇ ಇಕ್ತೀನಿ."

ಬರೆದುಕೊಂಡೆ: ೨೪೧೭. ಅಮಾವಾಸ್ಯೆಗೆ ಹದಿನೇಳು ದಿನ. ಅವಳ ಟ್ರಂಕಿನಲ್ಲಿದ್ದ ಕೊನೆಯ ಕಾಗದದ ಲಕೋಟೆಯನ್ನೂ ದಿನಚರಿಯೊಳಗಿಟ್ಟುಕೊಂಡೆ.

ಸೆಪ್ಟೆಂಬರ್ ೬ರಿಂದ ೧೨, ತರಬೇತಿಯ ನಗರ

ವಿಮಾನ ನಿಲ್ದಾಣದಲ್ಲಿ ನನ್ನ ರಾಗಿಹಿಟ್ಟನ್ನು ತಡೆದರು. ಅಧಿಕಾರಿ ಪೊಟ್ಟಣ ಬಿಚ್ಚಿ, ಬೆರಳಿನಿಂದ ಮುಟ್ಟಿ, "ಇದೇನು, ಸಿಮೆಂಟೇ?" ಎಂದು ಕೇಳಿದ. ತಿನ್ನುವುದು ಎಂದೆ. ಹೇಗೆ ಎಂದ. ಮುದ್ದೆ ತೊಳಸುವುದನ್ನು ಕೈಯಲ್ಲಿ ಅಭಿನಯಿಸಿ ತೋರಿಸಿದೆ. ಹಿಂದಿನ ಸಾಲಿನಲ್ಲಿದ್ದ ಹನ್ನೊಂದು ಜನ ನೋಡಿದರು. ಆತ ಬಿಟ್ಟುಬಿಟ್ಟ.

ಅಲ್ಲಿಯ ನೆಲ ತೊಳೆದಿಟ್ಟ ತಟ್ಟೆಯ ಹಾಗಿದೆ. ನಮ್ಮ ಕಡೆ ಎತ್ತ ತಿರುಗಿದರೂ ಒಂದು ಬಂಡೆ, ಒಂದು ಗುಟ್ಟೆ ಕಣ್ಣಿಗೆ ಆನಿಕೆಯಾಗುತ್ತದೆ. ಅಲ್ಲಿ ಕಣ್ಣು ಹೋಗಿ ಹೋಗಿ ಸುಸ್ತಾಗುತ್ತದೆ. ತರಬೇತಿ ಕೊಡುವ ಕಟ್ಟಡದ ಕಿಟಕಿಯಿಂದ ಮರ ಎಣಿಸಿದೆ: ನಾಲ್ಕು, ನಾಲ್ಕೂ ಒಂದೇ ಮನೆಯ ಅಂಗಳದಲ್ಲಿ.

ಮೂರನೆಯ ದಿನ ರೈತರು ತಮ್ಮ ಮಸೂರಿಯ ಮಾದರಿ ತಂದರು. ಅವರಲ್ಲಿ ಮಾರ್ಗರೆಟ್ ಎಂಬ ಅರವತ್ತೈದರ ಹೆಂಗಸು ನಾನು ಕಾಳು ಎಣಿಸುವುದನ್ನು ಪಕ್ಕದಲ್ಲೇ ನಿಂತು ನೋಡಿದಳು. ಊಟದ ಹೊತ್ತಿಗೆ ಅವಳಿಗೆ ಲಕೋಟೆ ತೋರಿಸಿದೆ. ಅದರ ಮೇಲಿದ್ದ ಗಣಿ ಕಾರ್ಮಿಕರ ಶಿಬಿರ ಯಾವಾಗಲೋ ಎತ್ತಿಹೋಯಿತು ಎಂದಳು. ಮುನಿರಾಜುವಿನ ಹೆಸರು ಹೇಳಿದೆ.

"ನಮ್ಮೂರಿನಲ್ಲಿ ಒಬ್ಬ ರಾಜ್ ಇದ್ದ. ಗಣಿಯವನೇ, ನಿಮ್ಮ ದೇಶದವನೇ. ಆರು ವರ್ಷದ ಹಿಂದೆ ತೀರಿಕೊಂಡ. ಆದರೆ ರಾಜ್ ಎಂಬ ಹೆಸರಿನವರು ಬೇಕಾದಷ್ಟು ಜನ ಇರುತ್ತಾರಲ್ಲವೇ?"

ಇರುತ್ತಾರೆ. ನಮ್ಮ ಗಿರಣಿಯಲ್ಲೇ ಮೂವರು. ಅಜ್ಜಿಗೆ ಏನೂ ಹೇಳಲಿಲ್ಲ. ಸತ್ತದ್ದು ಬೇರೆ ರಾಜುವಾಗಿದ್ದು, ಬದುಕಿರುವವನ ಹೆಸರಿಗೆ ಅಜ್ಜಿಯ ಕೈಯಿಂದ ಎಲೆ ಹಾಕಿಸಿದರೆ ಆ ತಪ್ಪು ನನ್ನದು. ಮಾರ್ಗರೆಟ್ ಶನಿವಾರ ತನ್ನೂರಿಗೆ ಕರೆದುಕೊಂಡು ಹೋಗುತ್ತೇನೆಂದಳು.

ಸೆಪ್ಟೆಂಬರ್ ೧೩, ಮಾರ್ಗರೆಟ್‌ಳ ಊರಿನ ದಾರಿ

ಮಣ್ಣಿನ ರಸ್ತೆ, ಗೆರೆ ಎಳೆದ ಹಾಗೆ ನೇರ. ಎದುರಿಗೆ ಬಂದ ವಾಹನದವರೆಲ್ಲ ಸ್ಟೇರಿಂಗಿನ ಮೇಲಿದ್ದ ಕೈಯ ಒಂದೇ ಬೆರಳನ್ನು ಎತ್ತಿ ಇಳಿಸುತ್ತಿದ್ದರು. ಅದೇ ನಮಸ್ಕಾರ. ಇಪ್ಪತ್ತಮೂರು ಗಾಡಿ ಬಂದವು, ಇಪ್ಪತ್ತೊಂದು ಬೆರಳು ಎದ್ದವು. ಎತ್ತದ ಇಬ್ಬರೂ ಹೊರಗಿನವರು ಎಂದು ಮಾರ್ಗರೆಟ್ ತೀರ್ಪು ಕೊಟ್ಟಳು.

ಅರ್ಧ ದಾರಿಯಲ್ಲಿ ದೂರದಲ್ಲಿ ಒಂದು ಗುಡ್ಡ ಕಂಡಿತು. ಸಮತಟ್ಟು ನೆಲದ ಮೇಲೆ ಒಂದೇ ಒಂದು, ಮಾಸಲು ಬಿಳಿ, ಮೇಲುಭಾಗ ಚಪ್ಪಟೆ. ಕೆಜಿಎಫ್‌ನ ಸಯನೈಡ್ ದಿಬ್ಬದ, ಅಂದರೆ ಚಿನ್ನ ತೆಗೆದು ಬಿಟ್ಟ ಪುಡಿಯ ರಾಶಿಯ, ತದ್ರೂಪು. ಅದು ಪೊಟ್ಯಾಷ್ ಗಣಿಯಿಂದ ತೆಗೆದು ಸುರಿದ ಉಪ್ಪಿನ ರಾಶಿಯಂತೆ. ರಾಜ್ ಕೆಲಸ ಮಾಡಿದ್ದು ಅಲ್ಲೇ. ನಮ್ಮ ರಾಗಿ ಹೊಲಕ್ಕೆ ಅಪ್ಪ ತರುವ ಪೊಟ್ಯಾಷ್ ಗೊಬ್ಬರದ ಚೀಲ ನೆನಪಾಯಿತು. ಆ ಚೀಲದ ಮೇಲೆ ಕುಳಿತು ಅಜ್ಜಿ ಎಷ್ಟೋ ಸಲ ಎಲೆ ಅಡಿಕೆ ಹಾಕಿಕೊಂಡಿದ್ದಾಳೆ. ರಾಜ್ ಅವಳ ತಮ್ಮನೇ ಆಗಿದ್ದರೆ ಅದರಲ್ಲಿ ಒಂದು ಹಿಡಿ ಅವನು ಅಗೆದದ್ದೂ ಇದ್ದಿರಬಹುದು.

ಇನ್ನೊಂದು ವಿಚಿತ್ರ ಗಮನಿಸಿದೆ. ಮಾರ್ಗರೆಟ್ ಗಂಡನಿಗೆ ಫೋನು ಮಾಡಿ, "ನಾನಿನ್ನೂ ಕೆಳಗಿದ್ದೇನೆ, ಒಂದು ಗಂಟೆಯಲ್ಲಿ ಮೇಲೆ ಬರುತ್ತೇನೆ" ಎಂದಳು. ಏರು ಇಲ್ಲ, ಇಳಿಜಾರಿಲ್ಲ, ಎಲ್ಲಿಯ ಮೇಲೆ, ಎಲ್ಲಿಯ ಕೆಳಗೆ? ಕೇಳಿದೆ. "ನಮ್ಮೂರಿನವರು ಹಾಗೇ ಹೇಳುವುದು. ಊರಿನಲ್ಲಿದ್ದರೆ ಮೇಲೆ, ಹೊರಗೆ ಹೋದರೆ ಕೆಳಗೆ. ಯಾಕೆ ಅಂತ ರಾಜ್ ಗೆಳೆಯ ಸ್ಟೆಫಾನ್ ಹೇಳುತ್ತಾನೆ" ಎಂದಳು.

ಅವಳ ಮನೆಗೆ ಹೋದಾಗ ಮರ್ಯಾದೆ ಕಳೆದುಕೊಂಡೆ. ಪರದೇಶದವರು ಮನೆಯೊಳಗೂ ಬೂಟು ಹಾಕಿಕೊಂಡೇ ಓಡಾಡುತ್ತಾರೆ, ಬಿಚ್ಚಿದರೆ ನಗುತ್ತಾರೆ ಎಂದು ರೈಟರು ಹೇಳಿಕೊಟ್ಟಿದ್ದರು. ಆ ಪ್ರಕಾರ ಒಳಗೆ ನಡೆದೆ. ಮಾರ್ಗರೆಟ್‌ಳ ಕಣ್ಣು ನನ್ನ ಕಾಲಿನ ಮೇಲೆ ನಿಂತಿತು. ತಿರುಗಿ ನೋಡಿದರೆ ಬಾಗಿಲ ಹಿಂದೆ ಮನೆಮಂದಿಯ ಬೂಟುಗಳೆಲ್ಲ ಸಾಲಾಗಿವೆ: ಒಂಬತ್ತು ಜೊತೆ. ಒರೆಸಿದ ನೆಲದ ಮೇಲೆ ನನ್ನ ಕೆಸರಿನ ಹೆಜ್ಜೆ ಏಳು.

ಅದೇ ದಿನ ಮಧ್ಯಾಹ್ನ, ಊರಿನ ಸಭಾಮನೆ

ಊರಿನ ಜನ ಐವತ್ತೆಂಟು. ಒಂದು ಚರ್ಚು, ಧಾನ್ಯ ತುಂಬುವ ಒಂದು ಎತ್ತರದ ಕಟ್ಟಡ, ಹಲಗೆಯ ಒಂದು ಸಭಾಮನೆ. ಒಳಗೆ ಕಾಫಿ ಕುಡಿಯುತ್ತಿದ್ದ ಒಬ್ಬ ಮುದುಕ ಎದ್ದು ನಿಂತ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಕಿವಿಯಲ್ಲಿ ಯಂತ್ರ. ಅವನೇ ಸ್ಟೆಫಾನ್, ರಾಜ್ ಜೊತೆ ಇಪ್ಪತ್ತು ವರ್ಷ ಗಣಿಗಿಳಿದವನು. ನನ್ನನ್ನು ನೋಡಿ ದೊಡ್ಡ ಧ್ವನಿಯಲ್ಲಿ ಒಂದೇ ಉಸಿರಿಗೆ, "ಊಟಾಯ್ತಾಸಾಪ್ಟಿಯಾತಿಂಟಿವಾ?" ಎಂದ.

ಇನ್ನೊಮ್ಮೆ ಹೇಳಿ ಎಂದೆ. ಹೇಳಿದ.

"ನಿಮ್ಮ ಭಾಷೆಯಲ್ಲಿ ನನಗೆ ಬರುವುದು ಇದೊಂದೇ. ಸರಿಯಾಗಿ ಹೇಳಿದೆನಾ?"

"ಸರಿಯಾಗಿದೆ. ಆದರೆ ಅದು ಮೂರು ಭಾಷೆ. ಕನ್ನಡ, ತಮಿಳು, ತೆಲುಗು."

"ಮೂರೇ? ಆ ಕಳ್ಳ ನನಗೆ ಒಂದೇ ಎಂದು ಹೇಳಿದ್ದ!"

ಉರಿಗಾಂನ ಲೈನಿನ ಮನೆಗಳ ನಡುವೆ ಒಂದೇ ಗೋಡೆ. ಈ ಪಕ್ಕದವರು ತಮಿಳರು, ಆ ಪಕ್ಕದವರು ತೆಲುಗರು. ಅಜ್ಜಿಯ ತಾಯಿ ಸಂಜೆ ಬಾಗಿಲಲ್ಲಿ ನಿಂತು ಊಟವಾಯಿತೇ ಎಂದು ಎಲ್ಲರಿಗೂ ಸೇರುವಂತೆ ಹೀಗೆ ಕೂಗುತ್ತಿದ್ದಳಂತೆ. ಅಜ್ಜಿ ಇದನ್ನು ನನಗೆ ಹೇಳಿದ್ದಾಳೆ. ಆದರೂ ಲೈನಿನಲ್ಲಿ ನೂರಾರು ಮನೆ, ಯಾವ ಮನೆಯಲ್ಲಿ ಬೇಕಾದರೂ ಯಾರಾದರೂ ಹೀಗೆ ಕೂಗಿರಬಹುದು. ನನಗೆ ನಂಬರು ಬೇಕಿತ್ತು.

ಆಗ ಗೋಡೆ ನೋಡಿದೆ. ಉದ್ದದ ಹಲಗೆ, ನಡುವೆ ಒಂದು ಗೆರೆ. ಎಡಕ್ಕೆ 'ಮೇಲೆ', ಬಲಕ್ಕೆ 'ಕೆಳಗೆ' ಎಂದು ಅವರ ಭಾಷೆಯಲ್ಲಿ ಬರೆದಿದೆ. ಎರಡೂ ಕಡೆ ಸಾಲು ಸಾಲು ಮೊಳೆ. ಎಡಗಡೆ ತಗಡಿನ ಬಿಲ್ಲೆಗಳು, ಒಂದೊಂದಕ್ಕೂ ಒಂದೊಂದು ನಂಬರು. ಬಲಗಡೆ ಎಲ್ಲ ಖಾಲಿ, ಒಂದನ್ನು ಬಿಟ್ಟು. ಅದು ಹಿತ್ತಾಳೆಯದು.

ನಂಬರು ನೋಡಲು ಅದನ್ನು ಮೊಳೆಯಿಂದ ಎತ್ತಿದೆ.

"ಕೈ ತೆಗಿ!"

ಸ್ಟೆಫಾನ್ ಕೂಗಿದ್ದಕ್ಕೆ ಕಾಫಿ ಕುಡಿಯುತ್ತಿದ್ದವರೆಲ್ಲ ತಿರುಗಿದರು. ಬಿಲ್ಲೆಯನ್ನು ಮೊಳೆಗೇ ಬಿಟ್ಟೆ. ಮುದುಕ ನಾಚಿಕೊಂಡು ಕುರ್ಚಿ ಎಳೆದು ನನ್ನನ್ನು ಕೂರಿಸಿದ.

"ಕ್ಷಮಿಸು. ಅದು ರಾಜ್ ಮಾಡಿದ ಕಟ್ಟಳೆ. ಒಬ್ಬರ ಬಿಲ್ಲೆಯನ್ನು ಇನ್ನೊಬ್ಬರು ಮುಟ್ಟಬಾರದು."

ಆಮೇಲೆ ಅವನು ಹೇಳಿದ್ದು ಇದು. ರಾಜ್ ಈ ಊರಿಗೆ ಬಂದ ಮೊದಲ ಚಳಿಗಾಲದಲ್ಲಿ ಶಾಲೆಯ ಮೇಷ್ಟ್ರ ಕಾರು ಹಿಮಗಾಳಿಯಲ್ಲಿ ಸಿಕ್ಕಿಕೊಂಡಿತು. ಆತ ಹೊರಗೆ ಹೋದದ್ದೇ ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಮಾರನೆಯ ದಿನ ಸಿಕ್ಕಾಗ ಕಾಲಿನ ನಾಲ್ಕು ಬೆರಳು ಹೋಗಿದ್ದವು. ರಾಜ್ ಸಿಟ್ಟಿನಿಂದ ಕುದಿದುಹೋದ. "ಮನುಷ್ಯ ಕೆಳಗಿದ್ದಾನೋ ಮೇಲಿದ್ದಾನೋ ಗೊತ್ತಿಲ್ಲದ ಇದೆಂಥ ಊರು?" ಎಂದು ಬೈದು, ಒಂದೇ ವಾರದಲ್ಲಿ ಹಲಗೆ ಕೊಯ್ದು, ತಗಡು ಕತ್ತರಿಸಿ, ಮನೆಮನೆಗೂ ನಂಬರು ಹಂಚಿದ. ಚಳಿಗಾಲದಲ್ಲಿ ಊರು ಬಿಡುವವರು ತಮ್ಮ ಬಿಲ್ಲೆಯನ್ನು ಬಲಕ್ಕೆ ಹಾಕಬೇಕು, ಬಂದ ಕೂಡಲೇ ಎಡಕ್ಕೆ. ಸಂಜೆ ಒಬ್ಬರು ಬೋರ್ಡು ನೋಡುತ್ತಾರೆ. ಬಲಗಡೆ ಬಿಲ್ಲೆ ಉಳಿದಿದ್ದರೆ ಟ್ರಾಕ್ಟರು ಹೊರಡುತ್ತದೆ.

"ಆರು ವರ್ಷದ ಹಿಂದೆ ಅವನಿಗೆ ಎದೆನೋವು ಬಂತು" ಎಂದು ಮಾರ್ಗರೆಟ್ ಮುಂದುವರಿಸಿದಳು. "ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಅಷ್ಟು ನೋವಿನಲ್ಲೂ ಇಲ್ಲಿ ಗಾಡಿ ನಿಲ್ಲಿಸು ಎಂದ. ಒಳಗೆ ಬಂದು ತನ್ನ ಬಿಲ್ಲೆ ಬಲಕ್ಕೆ ಹಾಕಿದ. ಮೂರನೆಯ ದಿನ ಆಸ್ಪತ್ರೆಯಲ್ಲೇ ಹೋದ."

ದೇಹವನ್ನು ಊರಿಗೆ ತಂದು ಮಣ್ಣು ಮಾಡಿದರು. ಬಿಲ್ಲೆ ಮಾತ್ರ ಹಾಗೇ ಉಳಿಯಿತು. ಎತ್ತಿ ಎಡಕ್ಕೆ ಹಾಕಲು ಅವನೇ ಬರಬೇಕು, ಅವನು ಬರುವಂತಿಲ್ಲ. ಊರಿನವರು ಇದಕ್ಕೆಂದೇ ಎರಡು ಸಲ ಸಭೆ ಸೇರಿದರಂತೆ. ತೀರ್ಮಾನವಾಗಲಿಲ್ಲ. ಅಂದಿನಿಂದ ಚಳಿಗಾಲದ ಸಂಜೆಗಳಲ್ಲಿ ಬೋರ್ಡು ನೋಡಿದವರು ಫೋನಿನಲ್ಲಿ ಹೇಳುವುದು ಒಂದೇ ಮಾತು: "ರಾಜ್ ಒಬ್ಬನನ್ನು ಬಿಟ್ಟು ಎಲ್ಲರೂ ಮೇಲಿದ್ದಾರೆ."

ನಾನು ಎದ್ದು, ಕೈ ಹಿಂದೆ ಕಟ್ಟಿಕೊಂಡು, ಬಿಲ್ಲೆಯ ಹತ್ತಿರಕ್ಕೆ ಮುಖ ತಂದು ಓದಿದೆ. ದಿನಚರಿ ತೆಗೆದು, ಅಜ್ಜಿ ಹೇಳಿ ಬರೆಸಿದ ನಂಬರಿನ ಕೆಳಗೆ ಮತ್ತೊಮ್ಮೆ ಬರೆದೆ: ೨೪೧೭.

ಸಂಜೆ ಸ್ಟೆಫಾನ್ ಒಂದು ಬಿಸ್ಕತ್ತಿನ ಡಬ್ಬಿ ತಂದ. ಒಳಗೆ ಹನ್ನೊಂದು ಕಾಗದ, ಎಲ್ಲ ಉರಿಗಾಂನ ಲೈನಿನ ವಿಳಾಸಕ್ಕೆ ಬರೆದವು, ಎಲ್ಲ ವಾಪಸು ಬಂದವು. ಸ್ಟೆಫಾನ್ ಹೇಳಿದ್ದನ್ನೂ ಸೇರಿಸಿ ಲೆಕ್ಕ ಹಾಕಿ ನೋಡಿದೆ. ರಾಜು ತಾತ ಸ್ಟೆಫಾನನ ತಂಗಿ ಆನಾಳನ್ನು ಮದುವೆಯಾಗಿ ಗಣಿಯ ಶಿಬಿರ ಬಿಟ್ಟು ಈ ಊರಿಗೆ ಬಂದ ವರ್ಷವೇ ಅಜ್ಜಿ ಲೈನಿನ ಮನೆ ಬಿಟ್ಟು ಬೇತಮಂಗಲದ ಕಡೆ ಬಂದಿದ್ದಾಳೆ. ಇಬ್ಬರೂ ಹೊಸ ವಿಳಾಸ ಬರೆದದ್ದು ಹಳೆಯ ವಿಳಾಸಕ್ಕೆ. ಇಷ್ಟೇ ನಡೆದದ್ದು. ಆನಾ ಅವನಿಗಿಂತ ಮೊದಲೇ ಹೋದಳು, ಮಕ್ಕಳಿಲ್ಲ.

"ಗಣಿಯ ಬಿಲ್ಲೆ ಯಾಕೆ ಕದ್ದು ತಂದ ಅಂತ ಹೇಳಿದ್ದನಾ?" ಎಂದು ಕೇಳಿದೆ.

"ಒಂದು ಸಲ ಹೇಳಿದ್ದ. ಒಪ್ಪಿಸಿಬಿಟ್ಟರೆ ಆ ಊರಿನಲ್ಲಿ ತಾನು ಮುಗಿದ ಹಾಗೆ. ಮುಗಿಯುವುದು ಅವನಿಗೆ ಬೇಕಿರಲಿಲ್ಲ."

ಸೆಪ್ಟೆಂಬರ್ ೧೪, ಭಾನುವಾರ

ಬೆಳಿಗ್ಗೆ ಸಮಾಧಿಗೆ ಹೋದೆವು. ಹೊಲಗಳ ನಡುವೆ ಬೇಲಿ ಹಾಕಿದ ಒಂದು ತುಂಡು ಹುಲ್ಲು. ಕೊಯ್ದ ಮಸೂರಿಯ ಕೂಳೆ ಬೇಲಿಯ ತನಕ ಬಂದಿದೆ. ನಮ್ಮ ಗಿರಣಿಗೆ ಬರುವ ಕಾಳು ಇಂಥದೇ ಹೊಲದ್ದು. ಸಮಾಧಿಯ ಮೇಲೆ ಒಂದು ಚಿಟಿಕೆ ರಾಗಿಹಿಟ್ಟು ಹಾಕಿದೆ. ಏನು ಹಾಕಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಒಂಬತ್ತು ಗಂಟೆಗೆ ಸಭಾಮನೆಯಿಂದ ಮನೆಗೆ ವಿಡಿಯೋ ಕಾಲ್ ಮಾಡಿದೆ. ನಮ್ಮಲ್ಲಿ ಆಗ ರಾತ್ರಿ ಊಟದ ಹೊತ್ತು. ಅಪ್ಪ ಫೋನು ಹಿಡಿದಿದ್ದ, ಅಜ್ಜಿಯ ಅರ್ಧ ಮುಖ ಮಾತ್ರ ಕಾಣುತ್ತಿತ್ತು. ಏನು ಹೇಳಬೇಕೆಂದು ದಿನಚರಿಯಲ್ಲಿ ಮೂರು ವಾಕ್ಯ ಬರೆದಿಟ್ಟುಕೊಂಡಿದ್ದೆ. ದಿನಚರಿ ಮುಚ್ಚಿದೆ. ಕ್ಯಾಮೆರಾವನ್ನು ಬೋರ್ಡಿನ ಕಡೆ ತಿರುಗಿಸಿದೆ.

"ಅತ್ರ ಇಡೇ" ಎಂದಳು ಅಜ್ಜಿ. ಇಟ್ಟೆ. "ಎರ್ಡು... ನಾಕು... ಒಂದು... ಏಳು." ಫೋನಿಗೆ ಇನ್ನಷ್ಟು ಬಗ್ಗಿದಳು. "ಇದ್ಯಾವ್ ಕಡೆ? ಮೇಲ್ಗಡೇದಾ, ಕೆಳ್ಗಡೇದಾ?"

"ಕೆಳಗಿಂದು ಅಜ್ಜಿ."

"ಎಷ್ಟ್ ವರ್ಷ ಆಯ್ತು?"

ಅವಳು ಇದ್ದಾನೋ ಇಲ್ಲವೋ ಎಂದು ಕೇಳಲೇ ಇಲ್ಲ. "ಆರು" ಎಂದೆ.

"ಸುಟ್ರಾ, ಮಣ್ಣು ಮಾಡಿದ್ರಾ?"

"ಮಣ್ಣು. ಹೆಂಡತಿ ಪಕ್ಕ."

"ಎಂಡ್ತೀನಾ!" ಅಜ್ಜಿ ಅಪ್ಪನ ಕೈಯಿಂದ ಫೋನು ಕಿತ್ತುಕೊಂಡಳು. "ಯಾವ್ ಎಂಡ್ತಿ? ಯಾರ್ ಕಡೆಯೋಳು?"

ಸ್ಟೆಫಾನನನ್ನು ತೋರಿಸಿದೆ. "ಇವರ ತಂಗಿ."

"ಅಂಗಾದ್ರೆ ಇವ್ರು ನಮ್ಗೆ ಬೀಗ್ರಾಗ್ಬೇಕು! ಏನೇ ನೀನು, ಬೀಗ್ರ ಮುಂದೆ ತಲೆ ಕೆದ್ರಿಕೊಂಡು ನಿಂತಿದ್ದೀಯ? ಎಂಗೋ, ನಮಸ್ಕಾರ ಏಳು ಅವ್ರಿಗೆ."

ಹೇಳುವ ಮೊದಲೇ ಸ್ಟೆಫಾನ್ ಫೋನಿಗೆ ಬಗ್ಗಿ, ಸಭಾಮನೆ ಅದುರುವಂತೆ, "ಊಟಾಯ್ತಾಸಾಪ್ಟಿಯಾತಿಂಟಿವಾ?" ಎಂದ.

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಾಳೆ ಎಂದುಕೊಂಡೆ. ಅಪ್ಪ ಅವಳ ಬೆನ್ನಿನ ಮೇಲೆ ಕೈ ಇಟ್ಟಾಗ ಗೊತ್ತಾಯಿತು.

ಆರು ವರ್ಷದ ಸಮಸ್ಯೆಯನ್ನು ಹೇಳಿದೆ. ಯಾರೂ ಮುಟ್ಟುವಂತಿಲ್ಲ, ಎರಡು ಸಭೆ ಆದರೂ ತೀರ್ಮಾನವಾಗಲಿಲ್ಲ ಎಂದೆ. ಅಜ್ಜಿ ಮೂಗು ಒರೆಸಿಕೊಂಡಳು.

"ಅದ್ಕೇನು ಸಬೆ? ಮೇಲೆ ಬರ್ದೇ ಇದ್ದೋರ ಬಿಲ್ಲೆ ಮನೆಯೋರು ಒಪ್ಸಬೇಕು. ಗಣಿಯಾಗೆ ಸತ್ನಲ್ಲ ನಮ್ಮಪ್ಪ, ಅವ್ನ ಬಿಲ್ಲೆ ಒಪ್ಸಿದ್ದು ನಾನೇ. ಒಂಬತ್ತು ವರ್ಷ ನಂಗೆ. ಕಿಟಕಿ ಎಟುಕ್ತಿರ್ಲಿಲ್ಲ, ಮೇಸ್ತ್ರಿ ಎತ್ಕೊಂಡ. ನಂಬ್ರು ಕೂಗು ಅಂದ, ಕೂಗ್ದೆ."

ಇದನ್ನು ಅವಳು ನಮಗೆ ಯಾರಿಗೂ ಹೇಳಿರಲಿಲ್ಲ. ಅಪ್ಪನಿಗೂ ಇಲ್ಲ. ಅವನ ಮುಖ ನೋಡಿದರೆ ತಿಳಿಯುತ್ತಿತ್ತು.

"ಈಗ ನೀನು ಕೂಗು. ಮೇಲೆ ಬಂದ ಅಂತ ಏಳಿ ಆ ಕಡೆ ಆಕು. ಜೋರಾಗಿ ಏಳ್ಬೇಕು, ಮೆಲ್ಲಗೆ ಏಳಿದ್ರೆ ಬರ್ಕಳಲ್ಲ."

ಅಜ್ಜಿಯ ಮಾತನ್ನು ಅವರಿಗೆ ಹೇಳಿದೆ. ಚರ್ಚಿನಿಂದ ಬಂದು ಕಾಫಿಗೆ ಸೇರಿದ್ದವರು ಒಬ್ಬೊಬ್ಬರೇ ಎದ್ದು ನಿಂತರು, ಹತ್ತೊಂಬತ್ತು ಜನ. ಗಂಡಸರು ಟೋಪಿ ತೆಗೆದರು. ಬಿಲ್ಲೆಯನ್ನು ಮೊಳೆಯಿಂದ ಎತ್ತಿದೆ. ಈ ಸಲ ಯಾರೂ ಬೇಡ ಎನ್ನಲಿಲ್ಲ.

"ಎರಡು, ನಾಲ್ಕು, ಒಂದು, ಏಳು. ಮುನಿರಾಜು. ಮೇಲೆ ಬಂದ."

ಎಡಗಡೆಯ ಮೊದಲನೆಯ ಮೊಳೆ ಖಾಲಿ ಇತ್ತು. ಅದಕ್ಕೆ ಹಾಕಿದೆ.

"ಮನೆಗೆ ತರಲಾ ಅಜ್ಜಿ?" ಎಂದು ಕೇಳಿದೆ. ಕೊಡುತ್ತೇವೆ ಎಂದು ಮಾರ್ಗರೆಟ್ ಮೊದಲೇ ಹೇಳಿದ್ದಳು.

"ಬ್ಯಾಡ. ಬಿಲ್ಲೆ ಬೋರ್ಡ್ ಮೇಲಿರೋದು, ಮನೇಗೆ ತರೋದಲ್ಲ. ಅವ್ನು ಜೇಬ್ಗಾಕ್ಕೊಂಡು ಓಗಿದ್ದೇ ತಪ್ಪು."

ಮಾರನೆಯ ದಿನ ವಿಮಾನ ಹತ್ತುವ ಮೊದಲು ಮಾರ್ಗರೆಟ್‌ಳ ಸಂದೇಶ ಬಂತು. ಚಳಿಗಾಲವಲ್ಲದಿದ್ದರೂ ಸ್ಟೆಫಾನ್ ಭಾನುವಾರ ಸಂಜೆ ಬೋರ್ಡು ನೋಡಿ ಮನೆಮನೆಗೂ ಫೋನು ಮಾಡಿದನಂತೆ. ಹೇಳಿದ್ದು ಇಷ್ಟೇ: ಎಲ್ಲರೂ ಮೇಲಿದ್ದಾರೆ.

ಸೆಪ್ಟೆಂಬರ್ ೨೧, ಅಮಾವಾಸ್ಯೆ, ನಮ್ಮ ಮನೆ

ಒಂದು ಲೆಕ್ಕ ನನ್ನನ್ನು ದಾರಿಯುದ್ದಕ್ಕೂ ಕಾಡಿತ್ತು. ತಾತ ಹೋದದ್ದು ಅಲ್ಲಿಯ ಸಂಜೆ, ನಮ್ಮಲ್ಲಿ ಆಗ ಮಾರನೆಯ ಬೆಳಗು. ಯಾವ ದಿನದ ತಿಥಿ ಹಿಡಿಯಬೇಕು? ಎರಡನ್ನೂ ಬರೆದು ತಂದಿದ್ದೆ. ಅಜ್ಜಿ ನೋಡಲೂ ಇಲ್ಲ. "ಅಮಾಸೆ ಎಲ್ರಿಗೂ ಸೇರುತ್ತೆ, ಮುಚ್ಚಿಡು" ಎಂದಳು.

ಎಲೆಗಳನ್ನು ತಾನೇ ತೊಳೆದು ಹಾಸಿದಳು. ಅಪ್ಪ ಎಣಿ ಎಂದು ನನಗೆ ಕಣ್ಣಿನಲ್ಲೇ ಸನ್ನೆ ಮಾಡಿದ. ಏಳು. ಏಳನೆಯದಕ್ಕೆ ಮುದ್ದೆ, ಸಾರು, ಹುರುಳಿ ಬಸ್ಸಾರಿನ ಪಲ್ಯ, ವಡೆ. ನಾನು ತಂದಿದ್ದ ಎರಡು ಹಿಡಿ ಮಸೂರಿಯನ್ನೂ ಬೇಯಿಸಿದ್ದಳು. "ಅಲ್ಲಿ ತಿಂದು ರೂಢಿ ಆಗಿರ್ತದೆ" ಎಂದಳು. ಎಡೆ ಇಟ್ಟ ಮೇಲೆ ಹಿರಿಯರು ಊಟ ಮಾಡಲಿ ಎಂದು ಬಾಗಿಲು ಮುಚ್ಚಿಕೊಂಡು ನಾವೆಲ್ಲ ಜಗುಲಿಗೆ ಬಂದು ಕುಳಿತೆವು. ಸ್ಟೆಫಾನ್ ನನ್ನ ಕೈಯಲ್ಲಿ ಕೊಟ್ಟು ಕಳಿಸಿದ ಹನ್ನೊಂದು ಕಾಗದದಲ್ಲಿ ಅಜ್ಜಿ ಈವರೆಗೆ ಓದಿಸಿಕೊಂಡದ್ದು ಎರಡು. ದಿನಕ್ಕೊಂದಕ್ಕಿಂತ ಹೆಚ್ಚು ಬೇಡ ಎಂದಿದ್ದಾಳೆ. ಅವತ್ತಿನದನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಪ್ರತಿ ವರ್ಷ ಸ್ವಲ್ಪ ಹೊತ್ತು ಬಿಟ್ಟು ಅಪ್ಪ ಕೆಮ್ಮಿ ಬಾಗಿಲು ತೆಗೆಯುವುದು ವಾಡಿಕೆ. ಈ ಸಲ ಅವನು ಎದ್ದಾಗ ಅಜ್ಜಿ ತಡೆದಳು. ಗೋಡೆ ಹಿಡಿದು ತಾನೇ ಎದ್ದು, ಮುಚ್ಚಿದ ಬಾಗಿಲಿಗೆ ಬಾಯಿ ತಂದು, ಮೂರು ಮನೆಗೆ ಕೇಳಿಸುವಂತೆ ಕೂಗಿದಳು.

"ಮುನಿರಾಜೂ! ಊಟಾಯ್ತಾ? ಸಾಪ್ಟಿಯಾ? ತಿಂಟಿವಾ?"

ಸ್ವಲ್ಪ ಕಾದಳು. ಆಮೇಲೆ ಬಾಗಿಲು ತೆಗೆದಳು.